ಕ್ರಿಕೆಟ್ ಇಲ್ಲದ ಕ್ರೀಡಾ ಚಾನೆಲು: ಪೆರ್ಲದ ಹೊಲಿಗೆ ಅಂಗಡಿಯಿಂದ ಒಂದು ವಿಮರ್ಶೆ

ಕಾಸರಗೋಡು ಜಿಲ್ಲೆಯ ಪೆರ್ಲ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಬೆಳಿಗ್ಗೆ ಶಟರ್ ಎತ್ತಿ ಮೆಷಿನಿಗೆ ಎಣ್ಣೆ ಬಿಟ್ಟ ಕೂಡಲೇ ಹಾಕುವ ಟಿವಿ ಸಂಜೆ ಬೀಗ ಹಾಕುವವರೆಗೂ ಓಡುತ್ತಿರುತ್ತದೆ. ಧಾರಾವಾಹಿ ನನಗೆ ಹಿಡಿಸುವುದಿಲ್ಲ. ವಾರ್ತಾ ಚಾನೆಲುಗಳ ಬೊಬ್ಬೆ ಕೇಳಿದರೆ ತಲೆನೋವು ಬರುತ್ತದೆ. ಹಾಗಾಗಿ ನಮ್ಮ ಕೇಬಲಿನಲ್ಲಿ ಕ್ರಿಕೆಟ್ ಬಿಟ್ಟು ಉಳಿದ ಆಟಗಳನ್ನೇ ವರ್ಷವಿಡೀ ತೋರಿಸುವ ಚಾನೆಲೊಂದು ಸಿಗಲು ಶುರುವಾದಾಗ ಅದನ್ನೇ ಹಾಕಿಟ್ಟೆ. ಒಂದು ಯೂನಿಫಾರ್ಮ್ ಸೀಸನಿನಿಂದ ಇನ್ನೊಂದರವರೆಗೆ, ಓಣಂ, ನವರಾತ್ರಿ, ಪೆರ್ನಾಲು, ಮದುವೆಯ ತಿಂಗಳುಗಳೆಲ್ಲ ದಾಟಿ ಅದೇ ಓಡಿದೆ. ಹೆಸರು ಬರೆಯುವುದಿಲ್ಲ, ಯಾಕೆಂದರೆ ದೂರುಗಳೂ ಇವೆ. ಅವು ಆ ಒಂದು ಚಾನೆಲಿನವು ಮಾತ್ರವೂ ಅಲ್ಲ.

“ಅಕ್ಕ, ಈ ಚಾನೆಲು ತೆಗೆಯಲಾ? ಇದನ್ನು ಯಾರು ನೋಡ್ತಾರೆ?” ಎಂದು ಕೇಬಲಿನ ಹುಡುಗ ತಿಂಗಳ ಹಣಕ್ಕೆ ಬಂದಾಗಲೆಲ್ಲ ಕೇಳುತ್ತಾನೆ. ಇದನ್ನು ಬರೆಯುತ್ತಿರುವುದು ಅವನ ಪ್ರಶ್ನೆಗೇ ಉತ್ತರವಾಗಿ. ಇಂಥ ಚಾನೆಲಿಗೆ ಜನ ಸಿಗುತ್ತಾರೆ. ನನ್ನ ಅಂಗಡಿಯ ಬೆಂಚಿನಲ್ಲೇ ಸಿಕ್ಕಿದ್ದಾರೆ. ಆದರೆ ಸಿಕ್ಕಿದವರು ನಾಳೆಯೂ ಬಂದು ಕೂರಬೇಕಾದರೆ ಆಡುವವರು ಯಾರು, ಗೆದ್ದರೆ ಏನು ಸಿಗುತ್ತದೆ, ಮುಂದಿನ ಪಂದ್ಯ ಯಾವಾಗ ಎಂದು ಹೇಳಬೇಕು. ಈ ಚಾನೆಲು ಅದನ್ನು ಹೇಳುವುದಿಲ್ಲ.

ನಾನು ಕೂರುವ ಜಾಗದಿಂದ ಟಿವಿ ಓರೆಯಾಗಿ ಕಾಣುತ್ತದೆ. ಕಣ್ಣು ಸೂಜಿಯ ಮೇಲೆ, ಕಿವಿ ಟಿವಿಯ ಮೇಲೆ. ಚೀಟಿ ಹಿಡಿದು ಬಂದವರು, ಫಾಲ್ಸ್ ಹಚ್ಚಲು ಸೀರೆ ಕೊಟ್ಟು ಬಸ್ಸಿಗೆ ಕಾಯುವವರು, ಮಕ್ಕಳ ಚೂಡಿದಾರದ ಅಳತೆಗೆ ಬಂದ ತಾಯಂದಿರು, ಹೆಂಡತಿಯ ರವಿಕೆ ಆಗುವವರೆಗೆ ಬಾಗಿಲಲ್ಲೇ ನಿಲ್ಲುವ ಗಂಡಸರು, ಇವರೇ ನೋಡುವವರು. ಕನ್ನಡ, ತುಳು, ಮಲಯಾಳ, ಬ್ಯಾರಿ, ಮರಾಠಿ ಎಲ್ಲ ಮಾತನಾಡುವವರು ಇದ್ದಾರೆ. ಯಾರೂ ಈ ಆಟಗಳನ್ನು ಹುಡುಕಿಕೊಂಡು ಬಂದವರಲ್ಲ. ಟಿವಿ ಅದನ್ನು ತೋರಿಸುತ್ತಿತ್ತು, ಅವರು ಅಲ್ಲಿದ್ದರು, ಅಷ್ಟೇ. ಆದ್ದರಿಂದಲೇ ಅವರ ಕಣ್ಣು ಎಲ್ಲಿ ನಿಂತಿತು ಎನ್ನುವುದಕ್ಕೆ ಬೆಲೆ ಇದೆ ಎಂದು ನನಗನ್ನಿಸುತ್ತದೆ.

ಒಮ್ಮೆ ಬಾಯಾರು ಕಡೆಯಿಂದ ಒಬ್ಬರು ಅಜ್ಜಿ ಮೊಮ್ಮಗಳ ಮದುವೆಯ ರವಿಕೆಗಳನ್ನು ಹೊಲಿಸಲು ಜತೆಗೆ ಬಂದಿದ್ದರು. ಮೊಮ್ಮಗಳು ತೋಳಿನ ಉದ್ದ, ಬೆನ್ನಿನ ಡಿಸೈನು ಎಂದು ಮೊಬೈಲಿನಲ್ಲಿ ಫೋಟೋ ತೋರಿಸುತ್ತಿದ್ದಳು. ಟಿವಿಯಲ್ಲಿ ಸ್ನೂಕರ್ ಬರುತ್ತಿತ್ತು. ಅಜ್ಜಿ ಸ್ವಲ್ಪ ಹೊತ್ತು ನೋಡಿ, “ಎಂತ ಮಗಾ ಇದು, ಕೇರಮ್ಮಾ?” ಎಂದರು. ಹೆಚ್ಚುಕಡಿಮೆ ಹಾಗೆಯೇ ಅಜ್ಜಿ, ಕೋಲಿನಲ್ಲಿ ಹೊಡೆಯುವುದು ಎಂದೆ. ಮತ್ತೆ ನಾನು ಅಳತೆಯಲ್ಲಿ ಮುಳುಗಿದೆ. ಅಜ್ಜಿ ಬೆಂಚಿನ ತುದಿಗೆ ಸರಿದು ಕುಳಿತಿದ್ದರು. ಕೊನೆಗೆ ಅವರೇ ಹೇಳಿದರು: “ಕೆಂಪಿನದ್ದು ಗುಂಡಿಗೆ ಬಿದ್ದರೆ ಬಿದ್ದೇ ಹೋಯಿತು. ಬೇರೆ ಬಣ್ಣದ್ದನ್ನು ಮಾತ್ರ ತೆಗೆದು ಪುನಃ ಇಡ್ತಾರೆ. ಕಪ್ಪಿಗೆ ಜಾಸ್ತಿ ಅಂಕ ಇರಬೇಕು, ಅದಕ್ಕೇ ಅವ ಪ್ರತಿ ಸಲ ಅದನ್ನೇ ಹುಡುಕುವುದು.” ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಮೊಮ್ಮಗಳು ಅಳತೆ ಕೊಟ್ಟು ಹೊರಟು ನಿಂತರೆ ಅಜ್ಜಿ, “ಇದೊಂದು ಮುಗಿಯಲಿ, ಬಸ್ಸು ಇನ್ನೊಂದು ಉಂಟಲ್ಲ” ಎಂದರು.

ಅಜ್ಜಿ ಹೇಳಿದ್ದು ಪೂರ್ತಿ ಸರಿ. ಹದಿನೈದು ಕೆಂಪು ಚೆಂಡು, ಒಂದೊಂದಕ್ಕೆ ಒಂದಂಕ. ಹಳದಿಯಿಂದ ಶುರುವಾಗಿ ಬಣ್ಣದ ಚೆಂಡುಗಳಿಗೆ ಎರಡರಿಂದ ಏರುತ್ತಾ ಹೋಗಿ ಕಪ್ಪಿಗೆ ಏಳು. ಪ್ರತಿ ಕೆಂಪಿನ ಹಿಂದೆಯೂ ಕಪ್ಪನ್ನೇ ಹಾಕುತ್ತಾ ಹೋಗಿ ಕೊನೆಗೆ ಎಲ್ಲ ಬಣ್ಣ ಮುಗಿಸಿದರೆ 147. ಆಮೇಲೆ ನಾನು ಈ ಆಟದ ಬಗ್ಗೆ ಓದಿ ನೋಡಿದೆ. ಇದು ಟಿವಿಯಿಂದಲೇ ಬೆಳೆದ ಆಟ. ಬಣ್ಣದ ಟಿವಿ ಬರುತ್ತಿದ್ದಾಗ, 1969ರಲ್ಲಿ, ಬಣ್ಣ ಚೆನ್ನಾಗಿ ಕಾಣುವ ಆಟವೆಂದು ಬಿಬಿಸಿ ಇದನ್ನು ತೋರಿಸಲು ಶುರುಮಾಡಿತು. ವಿಶ್ವ ಚಾಂಪಿಯನ್‌ಶಿಪ್ 1977ರಿಂದ ಶೆಫೀಲ್ಡ್ ನಗರದ ಕ್ರೂಸಿಬಲ್ ಎಂಬ ನಾಟಕಶಾಲೆಯಲ್ಲಿ ನಡೆಯುತ್ತದೆ, ಅಲ್ಲಿ ಸಾವಿರ ಜನಕ್ಕೂ ಜಾಗವಿಲ್ಲ. ಆದರೆ 1985ರ ಫೈನಲ್, ಡೆನಿಸ್ ಟೇಲರ್ ಮತ್ತು ಸ್ಟೀವ್ ಡೇವಿಸ್ ನಡುವಿನದ್ದು, ಕಟ್ಟಕಡೆಯ ಕಪ್ಪು ಚೆಂಡಿನವರೆಗೆ ಹೋದಾಗ ಬ್ರಿಟನ್ನಿನಲ್ಲಿ ಮಧ್ಯರಾತ್ರಿ ಕಳೆದಿತ್ತು. ಆಗಲೂ 1.85 ಕೋಟಿ ಜನ ಟಿವಿಯ ಮುಂದೆ ಇದ್ದರು. ನಮ್ಮಲ್ಲಿ ಬೆಂಗಳೂರಿನ ಪಂಕಜ್ ಅಡ್ವಾಣಿ ಸ್ನೂಕರ್, ಬಿಲಿಯರ್ಡ್ಸ್ ಎರಡೂ ಸೇರಿ 25ಕ್ಕೂ ಹೆಚ್ಚು ವಿಶ್ವ ಪ್ರಶಸ್ತಿ ಗೆದ್ದವರು. ಆ ಹೆಸರು ನನ್ನ ಅಂಗಡಿಗೆ ಬರುವ ಒಬ್ಬರಿಗೂ ಗೊತ್ತಿರಲಿಲ್ಲ. ಅಷ್ಟು ಸ್ನೂಕರ್ ತೋರಿಸಿದ ಚಾನೆಲು ಒಂದೇ ಒಂದು ಸಲ ಅವರ ಬಗ್ಗೆ ಐದು ನಿಮಿಷದ ಕಾರ್ಯಕ್ರಮ ಹಾಕಿದ್ದರೆ?

ಸೈಕಲ್ ಓಟವನ್ನೂ ಜನ ನೋಡಿದರು, ಅದು ನನಗೆ ಹೊಸ ವಿಷಯ. ಯೂರೋಪಿನ ಬೆಟ್ಟ, ಸೂರ್ಯಕಾಂತಿ ಹೊಲ, ಹಳೆಯ ಕಲ್ಲಿನ ಊರುಗಳು, ಅದರ ನಡುವೆ ಇನ್ನೂರಕ್ಕೆ ಹತ್ತಿರದಷ್ಟು ಸೈಕಲುಗಳು. ಹೊರಗೆ ಆಟಿ ತಿಂಗಳ ಮಳೆ ಹೊಯ್ಯುವಾಗ ಆ ಬಿಸಿಲು ನೋಡುವುದೇ ಒಂದು ಸುಖ. ನನ್ನ ಕಣ್ಣು ಹೋಗುವುದು ಅಂಗಿಗಳ ಕಡೆಗೆ. ಫ್ರಾನ್ಸಿನ ಮೂರು ವಾರದ ಓಟದಲ್ಲಿ 21 ಹಂತ. ಒಟ್ಟು ಸಮಯದಲ್ಲಿ ಮುಂದಿರುವವನಿಗೆ ಹಳದಿ ಅಂಗಿ, ಬೆಟ್ಟ ಹತ್ತುವುದರಲ್ಲಿ ಮುಂದಿರುವವನಿಗೆ ಬಿಳಿಯ ಮೇಲೆ ಕೆಂಪು ಚುಕ್ಕಿಯದ್ದು, ಅಂಕಗಳಲ್ಲಿ ಮುಂದಿರುವವನಿಗೆ ಹಸಿರು. ಇಷ್ಟು ಹೇಳಿದ್ದೇ ತಡ, ಬೆಂಚಿನಲ್ಲಿ ಕುಳಿತ ಮಕ್ಕಳು “ಹಳದಿ ಎಲ್ಲಿ, ಹಳದಿ ಎಲ್ಲಿ” ಎಂದು ಹುಡುಕಲು ಶುರುಮಾಡಿದರು. ಒಂದು ಬಣ್ಣ ಕೊಟ್ಟರೆ ಸಾಕು, ಗುಂಪಿನೊಳಗೆ ಒಬ್ಬನನ್ನು ಹಿಡಿದುಕೊಂಡು ನೋಡಲು ಬರುತ್ತದೆ. ಆದರೆ ಹೇಳಿದ್ದು ನಾನು. ಚಾನೆಲು ಹೇಳಲಿಲ್ಲ.

ಕಿವಿಯಲ್ಲೇ ಆಟ ನೋಡುವವಳಿಗೆ ಇಲ್ಲಿರುವ ದೊಡ್ಡ ಕೊರತೆ ವಿವರಣೆಯದ್ದು. ಹೊರದೇಶದ ಪಂದ್ಯಗಳಿಗೆ ಇಂಗ್ಲಿಷ್ ವಿವರಣೆ ಇರುತ್ತದೆ, ಪರವಾಗಿಲ್ಲ, ಹೆಸರುಗಳಾದರೂ ಕೇಳುತ್ತವೆ. ನಮ್ಮದೇ ದೇಶದ ಖೋ ಖೋ, ವಾಲಿಬಾಲ್, ಥ್ರೋಬಾಲ್ ಪಂದ್ಯಗಳನ್ನು ಎಷ್ಟೋ ಸಲ ವಿವರಣೆಯೇ ಇಲ್ಲದೆ ಹಾಕುತ್ತಾರೆ. ಮೈದಾನದ ಮೈಕಿನ ಗೊರಗೊರ, ಸೀಟಿ, ಚಪ್ಪಾಳೆ, ಅಷ್ಟೇ. ಯಾವ ರಾಜ್ಯ, ಯಾವ ಸುತ್ತು, ಯಾವ ವರ್ಷದ್ದು ಎಂದೂ ಬರೆಯುವುದಿಲ್ಲ. ಅಂಕಪಟ್ಟಿಯ ಅಕ್ಷರ ಎಷ್ಟು ಸಣ್ಣದೆಂದರೆ ಸೂಜಿಗೆ ದಾರ ಪೋಣಿಸುವ ನನಗೇ ಕಾಣುವುದಿಲ್ಲ.

ಖೋ ಖೋ ನನ್ನ ಆಟ. ಶಾಲೆಯಲ್ಲಿದ್ದಾಗ ಕುಂಬಳೆ ಉಪಜಿಲ್ಲೆಯ ಕ್ರೀಡಾಕೂಟದಲ್ಲಿ ಆಡಿದವಳು ನಾನು. ಹಾಗಾಗಿ ಈ ಆಟ ಟಿವಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದು ನನಗೆ ಗೊತ್ತು. ಎಂಟು ಮಂದಿ ಸಾಲಾಗಿ, ಒಬ್ಬರು ಆಚೆ ಮುಖ, ಒಬ್ಬರು ಈಚೆ ಮುಖ ಕುಳಿತಿರುತ್ತಾರೆ. ಅಟ್ಟಿಸಿಕೊಂಡು ಹೋಗುವವಳು ಹಿಂದೆ ತಿರುಗುವಂತಿಲ್ಲ, ಕುಳಿತವರ ನಡುಗೆರೆ ದಾಟುವಂತಿಲ್ಲ. ತಪ್ಪಿಸಿಕೊಳ್ಳುವವಳಿಗೆ ಈ ಎರಡು ಕಟ್ಟೂ ಇಲ್ಲ. ಅವಳು ಸಾಲಿನ ಎಡೆಯಲ್ಲಿ ನುಸುಳಿದರೆ ಹಿಂದಿನವಳು ಆಚೆ ಮುಖದವಳ ಬೆನ್ನು ಮುಟ್ಟಿ “ಖೋ” ಎನ್ನಬೇಕು. ಆ ಕೂಗು ಕಿವಿಗೆ ಬಿದ್ದರೆ ಓಟ ಯಾವ ಕಡೆಗೆ ತಿರುಗಿತು ಎಂದು ನಾನು ಬಟ್ಟೆಯಿಂದ ಕಣ್ಣೆತ್ತದೆಯೂ ಹೇಳಬಲ್ಲೆ. ಕಂಬದ ಹತ್ತಿರ ಹೊರಳಿ ಹಾರಿ ಮುಟ್ಟುವುದನ್ನು ನಿಧಾನವಾಗಿ ತೋರಿಸಿದರೆ ಯಾವ ಊರಿನವರೂ ಎದ್ದು ಹೋಗುವುದಿಲ್ಲ.

ದೆಹಲಿಯಲ್ಲಿ 2025ರ ಜನವರಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಭಾರತದ ಗಂಡಸರು ನೇಪಾಳವನ್ನು 54-36ರಲ್ಲಿ, ಹೆಂಗಸರು 78-40ರಲ್ಲಿ ಸೋಲಿಸಿ ಎರಡೂ ಕಪ್ ಗೆದ್ದರು. ನಮ್ಮ ಹೆಂಗಸರ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಇದ್ದರು. ಆ ವಾರ ಅಂಗಡಿಯಲ್ಲಿ ಖೋ ಖೋ ಮಾತೇ ಮಾತು. ಹಿಂದೆ ಆಡಿದ ಹೆಂಗಸರು ಎಷ್ಟು ಮಂದಿ ಇದ್ದಾರೆ ಎಂದು ನನಗೆ ಆಗ ಗೊತ್ತಾಯಿತು. ಮೊಣಕಾಲಿನ ಕಲೆ ತೋರಿಸಿದವರಿದ್ದಾರೆ. ಮುಂದಿನ ವಾರದಿಂದ “ಅಕ್ಕ, ಖೋ ಖೋ ಯಾವಾಗ ಬರುತ್ತದೆ?” ಎಂದು ಕೇಳತೊಡಗಿದರು. ಹೇಳಲು ನನ್ನ ಹತ್ತಿರ ಏನಿತ್ತು? ಚಾನೆಲಿನಲ್ಲಿ ವೇಳಾಪಟ್ಟಿ ಇಲ್ಲ. ಬಾಕ್ಸಿನ ಗೈಡಿನಲ್ಲಿ ನೋಡಿದರೆ ದಿನವಿಡೀ ಒಂದೇ ಸಾಲು ಬರೆದಿರುತ್ತದೆ. ಒಂದು ಮಧ್ಯಾಹ್ನ ತಾನಾಗಿ ಹೆಣ್ಣುಮಕ್ಕಳ ಯಾವುದೋ ಫೈನಲ್ ಬಂತು. ಕೊನೆಯ ಸರದಿ, ಓಡುವವಳೊಬ್ಬಳು ಇನ್ನೂ ಉಳಿದಿದ್ದಾಳೆ, ಅಂಕ ಹೆಚ್ಚುಕಡಿಮೆ ಸಮ. ಅಷ್ಟರಲ್ಲಿ ಗಂಟುನೋವಿನ ಎಣ್ಣೆಯ ಜಾಹೀರಾತು ಶುರುವಾಯಿತು, ಮುಗಿಯುವಾಗ ಕೈತೋಳಿನ ಕುಸ್ತಿ ಬರುತ್ತಿತ್ತು. ಆ ಪಂದ್ಯ ಯಾರು ಗೆದ್ದರೆಂದು ಇಂದಿಗೂ ನನಗೆ ಗೊತ್ತಿಲ್ಲ. ಬೆಂಚಿನಲ್ಲಿದ್ದ ನಾಲ್ಕು ಹೆಂಗಸರು ಒಟ್ಟಿಗೆ “ಅಯ್ಯೋ” ಎಂದರು. ಆ ನಾಲ್ವರನ್ನು ಚಾನೆಲು ಸಂಪಾದಿಸಿತ್ತು. ಆ ನಿಮಿಷದಲ್ಲೇ ಕಳೆದುಕೊಂಡಿತು. ನನಗೆ ತುಂಬ ಸಿಟ್ಟು ಬಂದದ್ದು ಅದೊಂದು ದಿನ.

ಜನ ನೋಡುವುದಿಲ್ಲ ಎನ್ನುವವರಿಗೆ ಕಬಡ್ಡಿಯನ್ನು ತೋರಿಸಬೇಕು. ನಮ್ಮ ಕಾಸರಗೋಡಿನಲ್ಲಿ ಕಬಡ್ಡಿ ಯಾರಿಗೂ ಹೊಸತಲ್ಲ. ಕ್ಲಬ್ಬಿನವರು ರಾತ್ರಿ ಫ್ಲಡ್‌ಲೈಟ್ ಹಾಕಿ ನಡೆಸುವ ಪಂದ್ಯಗಳಿಗೆ ಬೆಳಗಿನ ಜಾವದವರೆಗೆ ಜನ ನಿಲ್ಲುತ್ತಾರೆ. ಕುಂಬಳೆಯ ಜಗದೀಶ್ ಪ್ರೊ ಕಬಡ್ಡಿಯಲ್ಲಿ ತೆಲುಗು ಟೈಟಾನ್ಸ್ ತಂಡದ ಕೋಚ್ ಆದವರು. ಆದರೆ ಆ ಪ್ರೊ ಕಬಡ್ಡಿ ಪಂದ್ಯಾವಳಿ ಶುರುವಾದ 2014ರ ಜುಲೈ 26ಕ್ಕೆ ಮೊದಲು ದೇಶದ ಟಿವಿಯವರಿಗೆ ಇದು ಹಳ್ಳಿಯ ಆಟ. ಆ ಮೊದಲ ವರ್ಷವೇ 43.5 ಕೋಟಿ ಜನ ನೋಡಿದರೆಂದು ಲೆಕ್ಕ ಬಂತು, ಐಪಿಎಲ್ ಬಿಟ್ಟರೆ ಅದೇ ಎರಡನೆಯದು. ಆಟದ ಮೂಲವನ್ನು ಅವರೇನೂ ಬದಲಾಯಿಸಲಿಲ್ಲ. ರೈಡಿಗೆ ಮೂವತ್ತು ಸೆಕೆಂಡೆಂದು ಪರದೆಯ ಮೇಲೆ ಗಡಿಯಾರ ಓಡಿಸಿದರು, ಆಟಗಾರರ ಹೆಸರು ಅಂಗಿಯ ಮೇಲೆ ದೊಡ್ಡದಾಗಿ ಬರೆದರು, ಯಾವ ಊರಿನವ, ತಂದೆ ಎಂತ ಮಾಡುತ್ತಾರೆ ಎಂದು ಹೇಳಿದರು, ರಾತ್ರಿ ಊಟದ ಹೊತ್ತಿಗೆ ದಿನಾ ಒಂದೇ ಗಂಟೆಗೆ ತೋರಿಸಿದರು. ಆಮೇಲೆ ಕನ್ನಡದಲ್ಲೇ ವಿವರಣೆ ಬಂತು. 2019ರ ಜನವರಿ 5ರ ಫೈನಲಿನಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದು ಬೆಂಗಳೂರು ಬುಲ್ಸ್ 38-33ರಲ್ಲಿ ಗೆದ್ದಾಗ, ಅವರ ಊರು ಯಾವುದೆಂದು ಗೊತ್ತಿಲ್ಲದವರೂ ನಮ್ಮಲ್ಲಿ “ನಮ್ಮ ಪವನ್” ಎಂದರು.

ಪ್ರೊ ಕಬಡ್ಡಿ ನಡೆಸುವವರೇ 2016ರಲ್ಲಿ ಹೆಂಗಸರಿಗೂ ಒಂದು ಪಂದ್ಯಾವಳಿ ಮಾಡಿದರು. ಮೂರೇ ತಂಡ. ಒಂದಕ್ಕೆ ನಮ್ಮ ಕರಾವಳಿಯ ಮಮತಾ ಪೂಜಾರಿ ನಾಯಕಿ, ಇನ್ನೊಂದಕ್ಕೆ ಬೆಂಗಳೂರಿನ ತೇಜಸ್ವಿನಿ ಬಾಯಿ. ಫೈನಲಿಗೆ ಬಂದದ್ದು ಇವರಿಬ್ಬರ ತಂಡಗಳೇ, ತೇಜಸ್ವಿನಿಯವರ ಸ್ಟಾರ್ಮ್ ಕ್ವೀನ್ಸ್ ಗೆದ್ದದ್ದು 24-23ರಲ್ಲಿ. ಒಂದೇ ಅಂಕ! ಇಷ್ಟು ಬಿಗಿಯಾದ ಫೈನಲ್ ಆದರೂ ಆ ಪಂದ್ಯಾವಳಿ ಮರುವರ್ಷ ನಡೆಯಲಿಲ್ಲ. 2018ರ ಏಷ್ಯನ್ ಗೇಮ್ಸ್ ಫೈನಲಿನಲ್ಲಿ ನಮ್ಮ ಹೆಂಗಸರು ಇರಾನಿಗೆ 24-27ರಲ್ಲಿ ಸೋತರು. ಇರಾನಿನ ಆ ತಂಡಕ್ಕೆ ಕಲಿಸಿದವರು ಮಹಾರಾಷ್ಟ್ರದ ನಾಸಿಕದ ಶೈಲಜಾ ಜೈನ್. ಮುಂದಿನ ಏಷ್ಯನ್ ಗೇಮ್ಸ್‌ನಲ್ಲಿ, ಹ್ಯಾಂಗ್‌ಝೌನಲ್ಲಿ, ನಮ್ಮ ಹೆಂಗಸರು ಚೈನೀಸ್ ತೈಪೆಯನ್ನು 26-25ರಲ್ಲಿ ಸೋಲಿಸಿ ಚಿನ್ನ ತಂದರು, ಅದು ಆ ಕೂಟದಲ್ಲಿ ಭಾರತದ ನೂರನೆಯ ಪದಕ. ಇಷ್ಟು ಕತೆ ಇರುವಾಗ ವರ್ಷವಿಡೀ ತೋರಿಸಲು ಏನೂ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಈ ಚಾನೆಲಿನಲ್ಲಿ ಹೆಂಗಸರ ಕಬಡ್ಡಿ ಬಂದದ್ದನ್ನು ನಾನು ನೋಡಿಲ್ಲ. ಕೈತೋಳಿನ ಕುಸ್ತಿ ಮಾತ್ರ ವಾರಕ್ಕೆ ಹಲವು ಸಲ ಬರುತ್ತದೆ, ಅದರಲ್ಲೂ ಅವೇ ಪಂದ್ಯಗಳು.

ಇನ್ನು ಕಂಬಳ. ಚಾನೆಲಿನವರು ನಮ್ಮ ಕಡೆಗೆ ಬಂದು ಕಲಿಯಬೇಕಾದದ್ದು ಇದರಿಂದ. ಕೋಣ ಓಡುವ ಕೆಸರಿನ ಸಾಲಿಗೆ ಕರೆ ಎನ್ನುತ್ತಾರೆ; ಪೈವಳಿಕೆಯ ಬೋಳಂಗಳದ ಜೋಡುಕರೆ ಕಂಬಳ ನಮ್ಮ ಜಿಲ್ಲೆಯದ್ದೇ. ಗಡಿಯಾಚೆ ದಕ್ಷಿಣ ಕನ್ನಡ, ಉಡುಪಿಯಲ್ಲಿ ಚಳಿಗಾಲ ಪೂರ್ತಿ ವಾರ ವಾರ ಕಂಬಳ. ಈಗ ಹೆಚ್ಚಿನವು ಯೂಟ್ಯೂಬಿನಲ್ಲಿ ನೇರ ಬರುತ್ತವೆ, ಶನಿವಾರ ಶುರುವಾದದ್ದು ಭಾನುವಾರ ಹೊತ್ತೇರುವವರೆಗೆ. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಲ್ಲ ಓಟದ ಬೇರೆ ಬೇರೆ ವಿಭಾಗಗಳು. ಕನೆಹಲಗೆಯಲ್ಲಿ ಓಟದ ವೇಗಕ್ಕಿಂತ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಗೆ ಮುಟ್ಟಿತೇ ಎನ್ನುವುದು ಮುಖ್ಯ. ಮದುವೆಯ ಗಡಿಬಿಡಿಯಲ್ಲಿ ರಾತ್ರಿ ಮನೆಯಲ್ಲೂ ಹೊಲಿಯಬೇಕಾದಾಗ ನಾನು ಮೊಬೈಲಿನಲ್ಲಿ ಕಂಬಳ ಹಾಕಿ ಪಕ್ಕದಲ್ಲಿಡುತ್ತೇನೆ. ನೋಡುವುದೇ ಬೇಡ. ಯಾವ ಮನೆಯ ಕೋಣ, ಓಡಿಸುವವರು ಯಾರು, ಯಾವ ಕರೆ, ಹಿಂದಿನ ವಾರ ಎಲ್ಲಿ ಗೆದ್ದದ್ದು, ಈಗ ಎಷ್ಟು ಸೆಕೆಂಡು ಎಂದು ವಿವರಣೆಯವರು ಉಸಿರು ಬಿಡದೆ ಹೇಳುತ್ತಾರೆ. ಕರೆಯ ಆ ತುದಿಯಿಂದ ಬಿಟ್ಟ ಕ್ಷಣ ಅವರ ಸ್ವರ ಏರುತ್ತದೆ, ಓಟ ಮುಗಿಯುವ ಮಂಜೊಟ್ಟಿ ಮುಟ್ಟುವಾಗ ಇನ್ನೊಂದು ಸ್ವರ. ಒಂದು ಓಟ ಹದಿಮೂರು ಹದಿನಾಲ್ಕು ಸೆಕೆಂಡಿನಲ್ಲಿ ಮುಗಿದೇ ಹೋಗುತ್ತದೆ. ಉಳಿದ ಹೊತ್ತೆಲ್ಲ ಕೋಣಗಳು ಇಳಿಯುವುದು, ತಿರುಗಿಸುವುದು, ಹೊಂದಿಸುವುದು. ಆ ಕಾಯುವ ಹೊತ್ತನ್ನು ತುಂಬಿಸುವುದು ಮಾತು, ಆ ಮಾತಿಗೆ ಸರಕು ಮನೆತನದ ಹೆಸರುಗಳು. ಇಡೀ ರಾತ್ರಿ ಗಲ್ಫಿನಲ್ಲಿ ಕುಳಿತ ನಮ್ಮ ಹುಡುಗರು ಕೂಡ ನೋಡುತ್ತಾರೆ, ಕೆಳಗೆ ಬರೆಯುತ್ತಾ ಇರುತ್ತಾರೆ. 2020ರ ಫೆಬ್ರವರಿಯಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶಕ್ಕೆಲ್ಲ ಗೊತ್ತಾದದ್ದು ಹೀಗೆ ಮೊಬೈಲಿನಿಂದಲೇ.

ಓಣಂ ಹೊತ್ತಿನ ಹಗ್ಗಜಗ್ಗಾಟ, ಗದ್ದೆಯ ಕೆಸರಿನ ಆಟಗಳು ಎಲ್ಲ ಇದೇ ಸಾಲಿಗೆ ಸೇರುತ್ತವೆ. ಹಗ್ಗಜಗ್ಗಾಟ 1900ರಿಂದ 1920ರವರೆಗೆ ಒಲಿಂಪಿಕ್ಸಿನಲ್ಲೇ ಇತ್ತು.

ಒಲಿಂಪಿಕ್ಸ್ ಎಂದ ಮೇಲೆ ಒಂದು ಮಾತು. ರಿಯೊದಲ್ಲಿ ದೀಪಾ ಕರ್ಮಾಕರ್ ವಾಲ್ಟಿನಲ್ಲಿ 0.150 ಅಂಕದಿಂದ ಕಂಚು ತಪ್ಪಿ ನಾಲ್ಕನೆಯವರಾದ ರಾತ್ರಿ ನಮ್ಮ ಮನೆಯಲ್ಲಿ ಎಲ್ಲರೂ ಎದ್ದಿದ್ದೆವು. ಅದಕ್ಕೆ ಮುಂಚೆ ನಾನು ಜಿಮ್ನಾಸ್ಟಿಕ್ಸ್ ಕಣ್ಣೆತ್ತಿ ನೋಡಿದವಳಲ್ಲ. ಅದಾದ ಮೇಲೆ ಅವರನ್ನು ಟಿವಿಯಲ್ಲಿ ಪುನಃ ಎಲ್ಲಿ ನೋಡುವುದು? ಈ ಕಂದಕ ಒಲಿಂಪಿಕ್ಸಿನವರಿಗೂ ಗೊತ್ತು. ಅದಕ್ಕೇ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ರಿಯೊ ಮುಗಿದ ದಿನವೇ, 2016ರ ಆಗಸ್ಟ್ 21ಕ್ಕೆ, ವರ್ಷವಿಡೀ ನಡೆಯುವ ಒಲಿಂಪಿಕ್ ಚಾನೆಲ್ ಶುರುಮಾಡಿತು, ಇಂಟರ್ನೆಟ್ಟಿನಲ್ಲಿ. ನೀರಜ್ ಚೋಪ್ರಾ 2021ರ ಆಗಸ್ಟ್ 7ರಂದು 87.58 ಮೀಟರ್ ಎಸೆದು ಚಿನ್ನ ತಂದ ಮೇಲೆ ಭರ್ಜಿ ಎಸೆತವನ್ನು ಜನ ಕೇಳಿ ನೋಡುತ್ತಾರೆ. ಅವರು 2025ರ ಮೇಯಲ್ಲಿ ದೋಹಾದಲ್ಲಿ 90.23 ಎಸೆದೂ ಎರಡನೆಯವರಾದರು. ಜುಲೈಯಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಅವರ ಹೆಸರಿನದ್ದೇ ಕೂಟ ನಡೆಯಿತು. ಒಬ್ಬ ಮನುಷ್ಯನ ಗುರುತಾದರೆ ಅವನ ಹಿಂದೆ ಆಟವೂ ಬರುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಕೇಬಲಿನ ಹುಡುಗ ಹೇಳುವುದು ಬೇರೆ: “ರೇಟಿಂಗ್ ಇಲ್ಲ ಅಕ್ಕ, ಜಾಹೀರಾತು ಬರುವುದಿಲ್ಲ.” ರೇಟಿಂಗ್ ಎಂದರೆ ದೇಶದಲ್ಲಿ ಆರಿಸಿದ ಕೆಲವು ಮನೆಗಳಲ್ಲಿ, 2025ರ ಹೊತ್ತಿಗೆ ಸುಮಾರು 58,000 ಮನೆಗಳಲ್ಲಿ, ಯಂತ್ರ ಇಟ್ಟು ಲೆಕ್ಕ ಹಾಕುವುದು. ಇಪ್ಪತ್ತು ಕೋಟಿಗೂ ಹೆಚ್ಚು ಟಿವಿ ಮನೆಗಳಿರುವ ದೇಶದಲ್ಲಿ ದೊಡ್ಡ ಚಾನೆಲುಗಳಿಗೆ ಆ ಲೆಕ್ಕ ಸಾಕು. ಸಣ್ಣ ಆಟವನ್ನು ಅಲ್ಲಲ್ಲಿ ಚದುರಿ ನೋಡುವವರು ಆ ಬಲೆಗೆ ಬೀಳುವುದು ಕಷ್ಟ, ನನ್ನ ಅಂಗಡಿಯ ಬೆಂಚು ಅದರಲ್ಲಿ ಬರುವುದೇ ಇಲ್ಲ, ಯಾಕೆಂದರೆ ಅದು ಮನೆಗಳ ಲೆಕ್ಕ. ಖರ್ಚಿನ ಕಡೆಯಿಂದಲೂ ನೋಡಬೇಕು. ಐಪಿಎಲ್‌ನ 2023ರಿಂದ 2027ರವರೆಗಿನ ಪ್ರಸಾರದ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ಅಷ್ಟು ಕೊಟ್ಟವರಿಗೆ ದೇಶವೆಲ್ಲ ನೋಡಲೇಬೇಕು. ಖೋ ಖೋ, ಥ್ರೋಬಾಲ್ ತೋರಿಸುವವರಿಗೆ ಅಂಥ ಹೊರೆ ಇಲ್ಲ. ಕಡಿಮೆ ಜನ ಸಾಕು, ಆದರೆ ಅವರು ತಪ್ಪದೆ ಬರುವ ಜನ ಆಗಿರಬೇಕು.

ತಪ್ಪದೆ ಬರುವಂತೆ ಮಾಡುವುದು ದೊಡ್ಡ ಖರ್ಚಿನ ಕೆಲಸವೂ ಅಲ್ಲ. ವಾರದ ಒಂದೊಂದು ದಿನಕ್ಕೆ ಒಂದೊಂದು ಆಟ ಎಂದು ನಿಗದಿಮಾಡಿ, ಅದೇ ಗಂಟೆಗೆ ತೋರಿಸಲಿ. ಪಂದ್ಯದ ಮೊದಲು ಎರಡು ನಿಮಿಷ ನಿಯಮ ಹೇಳಲಿ, ಇಬ್ಬರು ಆಟಗಾರರ ಊರು ಹೆಸರು ಹೇಳಲಿ. ಹಳೆಯ ಪಂದ್ಯವಾದರೆ ವರ್ಷ ಬರೆಯಲಿ, ಹಳೆಯದೆಂದು ಯಾರೂ ಬೇಸರಿಸುವುದಿಲ್ಲ. ಪಂದ್ಯ ಮುಗಿಯುವ ಮೊದಲು ಜಾಹೀರಾತಿಗೆ ಹೋಗಲೇಬಾರದು. ವಿವರಣೆಗೆ ನಮ್ಮ ಭಾಷೆಯವರನ್ನು ಕೂರಿಸಲಿ. ಹಿಂದೆ ಆಡಿ ಈಗ ಶಾಲೆಗಳಲ್ಲಿ ಪಿ.ಟಿ. ಕಲಿಸುವ ಅಕ್ಕ ಅಣ್ಣಂದಿರು ಗಡಿಯ ಈಚೆಗೂ ಆಚೆಗೂ ಬೇಕಾದಷ್ಟು ಇದ್ದಾರೆ, ಕಂಬಳದ ಮೈಕು ಹಿಡಿದು ಪಳಗಿದವರಂತೂ ಇದ್ದೇ ಇದ್ದಾರೆ.

ಮಳೆಗಾಲದ ಮಾತನ್ನೂ ಹೇಳಬೇಕು. ಜೂನಿನಿಂದ ಆಗಸ್ಟಿನವರೆಗೆ ಊರಿನಲ್ಲಿ ಮೈದಾನದ ಆಟ ಎಲ್ಲ ಬಂದ್. ಆ ತಿಂಗಳುಗಳಲ್ಲಿ ಈ ಚಾನೆಲು ನಿಜವಾಗಿ ಉಪಕಾರಕ್ಕೆ ಬಂತು. ಡಿಶ್ ಇರುವ ಮನೆಗಳಲ್ಲಿ ಜೋರು ಮಳೆಗೆ ಸಿಗ್ನಲ್ ಹೋಗುತ್ತದೆ, ಕೇಬಲಿನಲ್ಲಿ ಕರೆಂಟ್ ಇದ್ದಷ್ಟು ಹೊತ್ತು ಚಿತ್ರ ನಿಲ್ಲುವುದಿಲ್ಲ. ಯೂನಿಫಾರ್ಮಿನ ರಾಶಿ ಮುಂದಿಟ್ಟುಕೊಂಡು ಓವರ್‌ಲಾಕ್ ಹಾಕುತ್ತಾ ಟೇಬಲ್ ಟೆನಿಸ್ ಕೇಳುವುದು ನನಗೆ ಬಹಳ ಇಷ್ಟವಾಯಿತು. ಚೆಂಡು ಮೇಜಿಗೆ ಬೀಳುವ ಸದ್ದು ನಿಂತರೆ ಅಂಕ ಬಂತೆಂದು ತಿಳಿಯುತ್ತದೆ.

ಇನ್ನು, ಹಾಕಿಸಿಕೊಳ್ಳಬೇಕೇ? ಬೆಲೆಯ ಮಟ್ಟಿಗೆ ಯೋಚನೆಯೇ ಬೇಡ, ತಿಂಗಳಿಗೆ ಒಂದು ಚಹಾದ ದುಡ್ಡು ಕೂಡ ಆಗುವುದಿಲ್ಲ. 2019ರಿಂದ ಬಂದ ನಿಯಮದಂತೆ ಬೇಕಾದ ಚಾನೆಲನ್ನು ಬಿಡಿಯಾಗಿ ಆರಿಸಿಕೊಳ್ಳಬಹುದು. ಇದೊಂದಕ್ಕಾಗಿ ದೊಡ್ಡ ಸ್ಪೋರ್ಟ್ಸ್ ಪ್ಯಾಕು ತೆಗೆದುಕೊಳ್ಳಬೇಡಿ, ಬಿಡಿಯಾಗಿ ಕೊಡಿ ಎಂದು ಕೇಳಿ. ಕೇಬಲೇ ಇಲ್ಲದವರಿಗೆ ತಿಂಗಳ ಬಾಡಿಗೆಯಿಲ್ಲದ ಡಿಡಿ ಫ್ರೀ ಡಿಶ್‌ನಲ್ಲಿ ಡಿಡಿ ಸ್ಪೋರ್ಟ್ಸ್ ಉಂಟು. ಅದು 1998ರಿಂದ ಇರುವ ಚಾನೆಲು, ಬೇರೆಯವರು ಮುಟ್ಟದ ಎಷ್ಟೋ ಆಟಗಳು ಅಲ್ಲಿ ಬಂದಿವೆ. ಮನೆಯಲ್ಲಿ ಆಡುವ ಮಕ್ಕಳಿದ್ದರೆ ಖಂಡಿತ ಹಾಕಿಸಿ. ನಮ್ಮ ಓಣಿಯ ಒಂದು ಹುಡುಗಿ ಆರ್ಚರಿ ನೋಡಿ ನೋಡಿ ಬಿದಿರಿನ ಬಿಲ್ಲು ಮಾಡಿಸಿಕೊಂಡು ಅಡಿಕೆ ತೋಟದಲ್ಲಿ ಗುರಿಯಿಡುತ್ತಿದ್ದಾಳೆ. ಅವಳ ಅಪ್ಪನಿಗೆ ಕಾಸರಗೋಡಿನಲ್ಲಿ ಕಲಿಸುವವರು ಯಾರಾದರೂ ಇದ್ದಾರೋ ವಿಚಾರಿಸಿ ಎಂದು ಹೇಳಿದ್ದೇನೆ. ಒಂದೇ ಆಟವನ್ನು ಬಿಡದೆ ನೋಡಬೇಕು ಎನ್ನುವವರಿಗೆ ಈಗಿನ ಸ್ಥಿತಿಯಲ್ಲಿ ಈ ಚಾನೆಲು ಬೇಡ, ಸುಮ್ಮನೆ ಸಿಟ್ಟು ಬರುತ್ತದೆ.

ನನ್ನ ಲೆಕ್ಕದಲ್ಲಿ ಆಟಗಳ ಆಯ್ಕೆಗೆ ಐದರಲ್ಲಿ ನಾಲ್ಕು, ತೋರಿಸುವ ರೀತಿಗೆ ಎರಡು. ಈ ತಿಂಗಳೂ ಹಣ ಕೊಟ್ಟಿದ್ದೇನೆ. ವೇಳಾಪಟ್ಟಿ ಹಾಕಿ ಎಂದು ಒಂದು ಕಾಗದ ಬರೆದು ಕೇಬಲಿನ ಹುಡುಗನ ಕೈಯಲ್ಲೇ ಕಳಿಸಿದ್ದೇನೆ, ಅದರ ಕೆಳಗೆ ಬೆಂಚಿನಲ್ಲಿದ್ದ ಆ ನಾಲ್ವರು ಹೆಂಗಸರೂ ಸಹಿ ಹಾಕಿದ್ದಾರೆ.